ಹುಸೇನಮ್ಮಕ್ಕನ ಪಟ್ಟಿ

ಹುಸೇನಮ್ಮಕ್ಕನ ಬೆರಳುಗಳು ಸದಾ ನೀಲಿ. ಉಗುರಿನ ಸಂದಿ, ಗೆಣ್ಣಿನ ಗೆರೆ, ಅಂಗೈಯ ರೇಖೆ, ಎಲ್ಲ ಕಡೆ ಜೀನ್ಸ್ ಪ್ಯಾಂಟಿನ ಬಣ್ಣ ಇಳಿದು ಕೂತಿತ್ತು. ಸೋಪು ಹಚ್ಚಿ ತಿಕ್ಕಿದರೆ ಸೋಪು ನೀಲಿಯಾಗುತ್ತಿತ್ತೇ ಹೊರತು ಕೈ ತಿಳಿಯಾಗುತ್ತಿರಲಿಲ್ಲ. ಆ ಕೈಯಲ್ಲೇ ಅನ್ನ ಕಲಸುತ್ತಿದ್ದಳು, ಆ ಕೈಯಲ್ಲೇ ಜೀವಶಾಸ್ತ್ರದ ಪುಸ್ತಕದ ಹಾಳೆ ತಿರುವುತ್ತಿದ್ದಳು. ಯಾವ ಪಾಠವನ್ನು ಎಷ್ಟು ಸಲ ಓದಿದ್ದಾಳೆ ಎಂಬುದನ್ನು ಪುಟದ ಮೂಲೆ ನೋಡಿಯೇ ಹೇಳಬಹುದಿತ್ತು. ಹೃದಯ, ಮೂತ್ರಪಿಂಡದ ಪಾಠಗಳ ಮೂಲೆಗಳೆಲ್ಲ ನೀಲಿಗಟ್ಟಿದ್ದವು. ಸಸ್ಯಗಳ ವರ್ಗೀಕರಣ ಮಾತ್ರ ಅಂಗಡಿಯಿಂದ ಬಂದಾಗ ಹೇಗಿತ್ತೋ ಹಾಗೇ ಬೆಳ್ಳಗಿತ್ತು. ಅದೆಂದರೆ ಅವಳಿಗೂ ನನ್ನಷ್ಟೇ ಬೇಸರ.

ನಾನು ಅವಳನ್ನು ಮೊದಲು ನೋಡಿದ್ದು ಬಳ್ಳಾರಿಯ ಕೌಲ್‌ಬಜಾರಿನ ಒಂದು ಮಾಳಿಗೆ ಕೋಣೆಯಲ್ಲಿ. ಕೆಳಗೆ ಜೀನ್ಸ್ ಹೊಲಿಯುವ ಮನೆ, ಮೇಲೆ ನಮ್ಮ ಕೋಣೆ. ನಾನು ದೇಶನೂರಿನವಳು. ಅಪ್ಪ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಹಮಾಲಿ. ಸಿರುಗುಪ್ಪದಲ್ಲೇ ಪಿಯುಸಿ ಮುಗಿಸಿ, ನೀಟ್ ಪರೀಕ್ಷೆಯಲ್ಲಿ ಮೊದಲ ಸಲ ಮಕಾಡೆ ಬಿದ್ದು, ಇನ್ನೊಂದು ವರ್ಷ ಓದುತ್ತೇನೆಂದು ಹಟ ಹಿಡಿದು ಬಳ್ಳಾರಿಗೆ ಬಂದಿದ್ದೆ. ನಮ್ಮ ಕಡೆ ಇದನ್ನು ಲಾಂಗ್ ಟರ್ಮ್ ಅನ್ನುತ್ತಾರೆ. ಹೆಸರೇನೋ ಭಾರಿಯಾಗಿದೆ, ಅರ್ಥ ಇಷ್ಟೇ, ಒಮ್ಮೆ ಸೀಟು ದಕ್ಕದವರು ಅದೇ ಪುಸ್ತಕವನ್ನು ಇನ್ನೊಂದು ವರ್ಷ ಓದುವುದು. ಹುಸೇನಮ್ಮಕ್ಕ ಕುರುಗೋಡು ತಾಲ್ಲೂಕಿನ ಬಾದನಹಟ್ಟಿಯವಳು. ಅವಳದು ಆಗಲೇ ಮೂರನೆಯ ಲಾಂಗ್ ಟರ್ಮ್. ಗಾದಿ ತುಂಬುವ ಕೆಲಸ ಮಾಡುತ್ತಿದ್ದ ತಂದೆ ತೀರಿಕೊಂಡಿದ್ದರು. ತಾಯಿ ಮೆಣಸಿನಕಾಯಿ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದರು. ಬಾಡಿಗೆಯ ಬದಲು ಅಕ್ಕ ಕೆಳಗಿನ ಮನೆಯವರಿಗೆ ದಾರ ಕತ್ತರಿಸಿಕೊಡುತ್ತಿದ್ದಳು. ಹೊಲಿದ ಪ್ಯಾಂಟಿಗೆ ಅಲ್ಲಲ್ಲಿ ದಾರದ ತುದಿಗಳು ನೇತಾಡುತ್ತಿರುತ್ತವಲ್ಲ, ಅವನ್ನು ಪುಟ್ಟ ಕತ್ತರಿಯಿಂದ ಸವರಿ ಮಡಚಿಡುವ ಕೆಲಸ.

ನಾನು ಹೋದ ದಿನವೇ ನನ್ನ ಮುಂದೆ ಒಂದು ಗುಡ್ಡೆ ಪ್ಯಾಂಟು ಸರಿಸಿ, ಇನ್ನೊಂದು ಕತ್ತರಿ ಕೈಗೆ ಕೊಟ್ಟಳು.

“ಕುಂದ್ರಲೇ ಗಂಗಿ. ಒಂದು ಪ್ಯಾಂಟಿಗೆ ಒಂದು ಪ್ರಶ್ನಿ. ದಾರ ಮುಗಿಯೂದ್ರಾಗ ಉತ್ತರ ಹೇಳಬೇಕು. ಹೇಳಿದ್ರ ಮಡಚೋದು ನಾನು, ಹೇಳಲಿಲ್ಲಂದ್ರ ನೀನು.”

ಮೊದಲ ತಿಂಗಳು ಕೌಲ್‌ಬಜಾರಿನ ಅರ್ಧ ಪ್ಯಾಂಟುಗಳನ್ನು ನಾನೇ ಮಡಚಿರಬೇಕು. ಸೋಮಾರಿಯಾದ ನನಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಮಡಚುವುದನ್ನು ತಪ್ಪಿಸಿಕೊಳ್ಳುವುದಕ್ಕಾಗಿಯೇ ಓದತೊಡಗಿದೆ ಅಂದರೆ ಸುಳ್ಳಲ್ಲ. ದೀಪಾವಳಿ ಕಳೆಯುವ ಹೊತ್ತಿಗೆ ಗುಡ್ಡೆ ಇಬ್ಬರ ಮುಂದೆಯೂ ಸಮವಾಗಿರುತ್ತಿತ್ತು. ಅಕ್ಕ ಸೋತಾಗ ಮಗುವಿನ ಹಾಗೆ ಖುಷಿಪಡುತ್ತಿದ್ದಳು.

ಕೇಳುವ ವಿಷಯದಲ್ಲಿ ಅವಳಿಗೊಂದು ಕ್ರಮವಿತ್ತು. ಯಾರ ಹತ್ತಿರ ಏನೇ ಬೇಕಾದರೂ ಸಣ್ಣದನ್ನು ಮೊದಲು ಕೇಳುತ್ತಿದ್ದಳು. ಕೋಚಿಂಗ್ ನಡೆಸುವ ಸರ್ ಹತ್ತಿರ ಮೊದಲ ವರ್ಷ ಅವಳು ಕೇಳಿದ್ದು ಕಸಕ್ಕೆ ಹಾಕುವ ಹಳೆಯ ಪ್ರಶ್ನೆಪತ್ರಿಕೆಗಳನ್ನಂತೆ. ಆಮೇಲೆ ಭಾನುವಾರದ ಪರೀಕ್ಷೆಗೆ ಹಿಂದೆ ನಿಂತು ಬರೆಯಲೇ ಎಂದಳು. ನಿಂತವಳಿಗೆ ಅವರೇ ಬೆಂಚು ತೋರಿಸಿದರು. ಎರಡನೆಯ ವರ್ಷಕ್ಕೆ ಶುಲ್ಕವಿಲ್ಲದೆ ಪೂರ್ತಿ ತರಗತಿ. ಮೂರನೆಯ ವರ್ಷ ನನ್ನನ್ನೂ ಹಾಗೇ ಒಳಗೆ ಸೇರಿಸಿದಳು. ನನಗಾಗಿ ಅವಳು ಮೊದಲು ಕೇಳಿದ್ದು, “ಈಕಿ ಹೊರಗ ಮೆಟ್ಟಿಲ ಮ್ಯಾಲ ಕುಂತು ನನಗ ಕಾಯಬಹುದೇನ್ರಿ ಸರ್?” ಎಂದು.

ಇದನ್ನೆಲ್ಲ ಎಲ್ಲಿ ಕಲಿತೆ ಎಂದು ಕೇಳಿದ್ದೆ.

“ನಮ್ಮವ್ವನ ಕಡಿಂದ. ತಾಲ್ಲೂಕ್ ಆಫೀಸಿಗೆ ಹೋದ್ರ ನಮ್ಮವ್ವ ಮೊದಲಿಗೆ ಕುಡಿಯಾಕ ನೀರು ಕೇಳತಾಳ. ನೀರು ಕೊಟ್ಟ ಮನಿಶ್ಯಾಗ ಆಮ್ಯಾಲ ಇಲ್ಲ ಅನ್ನಾಕ ಬಾಯಿ ಬರಂಗಿಲ್ಲ ನೋಡು. ಮೊದಲಿಗೇ ಪಿಂಚಣಿ ಅಂದ್ರ ನಾಳೆ ಬಾ ಅಂತಾರ.”

ಡಾಕ್ಟರಾಗಬೇಕು ಎನ್ನುವುದರಲ್ಲೂ ಅವಳ ಆಸೆ ಸಣ್ಣದೇ. ಅವಳ ತಾಯಿ ಎಷ್ಟೋ ಸಲ ಆಸ್ಪತ್ರೆಗೆ ಹೋಗಿ ಬಂದಿದ್ದಾರೆ, ಯಾರೂ ಕೂರು ಎಂದಿಲ್ಲ. “ನಾ ಡಾಕ್ಟರ್ ಆದ್ರ ಮೊದಲ ಕುಂದ್ರಸತೀನಿ. ಆಮ್ಯಾಲ ಏನಾಗೈತವ್ವಾ ಅಂತ ಕೇಳತೀನಿ” ಅನ್ನುತ್ತಿದ್ದಳು. ಇಷ್ಟಕ್ಕೆ ಮೂರು ವರ್ಷ ಆ ಬಿಸಿಲು ಮಾಳಿಗೆಯಲ್ಲಿ ಬೇಯಬೇಕೇ ಎಂದು ನಾನು ರೇಗಿಸುತ್ತಿದ್ದೆ. ಅವಳು ನಗುತ್ತಿರಲಿಲ್ಲ.

ಆ ಕೋಣೆಯಲ್ಲಿ ನನಗಿಂತ ಮುಂಚೆ ಅವಳ ಜೊತೆ ನಾಲ್ಕು ಹುಡುಗಿಯರು ಇದ್ದು ಹೋಗಿದ್ದರು. ಮೂವರಿಗೆ ಮೆಡಿಕಲ್ ಸೀಟು ಸಿಕ್ಕಿತ್ತು. ಹೋದ ಹೊಸದರಲ್ಲಿ ದಿನಾ ಫೋನು ಮಾಡುತ್ತಿದ್ದರಂತೆ, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ ಅದೂ ಇಲ್ಲ. ಅವರು ಬಿಟ್ಟುಹೋದ ಒಂದು ಬಕೆಟ್ಟು, ಹಲ್ಲು ಮುರಿದ ಬಾಚಣಿಗೆ, ಅರ್ಧ ಬರೆದ ನೋಟುಪುಸ್ತಕಗಳನ್ನು ಅಕ್ಕ ಜೋಪಾನ ಮಾಡಿದ್ದಳು. “ಬಂದು ಕೇಳಿದ್ರ?” ಅನ್ನುತ್ತಿದ್ದಳು. ಬಕೆಟ್ಟು ಕೇಳಲು ಯಾರು ಬರುತ್ತಾರೆ ಎಂದು ನನಗೆ ಸಿಟ್ಟು. ರಂಜಾನ್ ದಿನ ಅವಳು ಊರಿಗೆ ಹೋಗಲಿಲ್ಲ. ಪರೀಕ್ಷೆಗೆ ಇನ್ನೆಷ್ಟು ದಿನ ಉಳಿದಿದೆ ಎಂದು ಎಣಿಸುತ್ತ ಕೂತಳು. ಕೆಳಗಿನ ಮನೆಯವರು ಕೊಟ್ಟ ಹಾಲು ಶಾವಿಗೆಯ ಶೀರ್‌ಕುರ್ಮಾವನ್ನು ನನ್ನ ಲೋಟಕ್ಕೇ ಹೆಚ್ಚು ಸುರಿದು, ಗೋಡೆಗೆ ಒರಗಿ ಓದುತ್ತಿದ್ದ ಅವಳನ್ನು ನೋಡಿ ನನಗೆ ಅಳು ಬಂದಿತ್ತು. ಯಾಕೆಂದು ಆಗ ತಿಳಿಯಲಿಲ್ಲ.

ಏಪ್ರಿಲ್ ತುಂಬ ನಮ್ಮದು ಪರೀಕ್ಷೆಯ ತಾಲೀಮು. ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಬಾಗಿಲು ಹಾಕಿ, ಫ್ಯಾನು ಆರಿಸಿ, ನೀರಿನ ಬಾಟಲಿ ಹೊರಗಿಟ್ಟು ಮೂರು ಗಂಟೆ ಇಪ್ಪತ್ತು ನಿಮಿಷ ಬರೆಸುತ್ತಿದ್ದಳು. ಬಳ್ಳಾರಿಯ ಬಿಸಿಲು, ತಗಡಿನ ಮಾಡು. ಫ್ಯಾನು ಯಾಕೆ ಆರಿಸಬೇಕು ಎಂದು ಕೂಗಾಡಿದರೆ, “ಅವತ್ತು ಕರೆಂಟು ಹೋದ್ರ ಹೊರಗ ಎದ್ದು ಬರತೀಯೇನು?” ಎಂಬ ಉತ್ತರ. ಬೆವರು ಕಾಗದಕ್ಕೆ ಬೀಳದ ಹಾಗೆ ಬಗ್ಗುವುದನ್ನು ಕೂಡ ಅವಳೇ ಕಲಿಸಿದಳು.

ಪರೀಕ್ಷೆಯ ದಿನ ನಮ್ಮಿಬ್ಬರಿಗೂ ಸಂಗನಕಲ್ಲು ರಸ್ತೆಯ ಒಂದೇ ಕೇಂದ್ರ ಬಿದ್ದಿತ್ತು. ನನ್ನವ್ವ ಶುಭವಾಗಲೆಂದು ಹೊಸ ಚೂಡಿದಾರ ಹೊಲಿಸಿ ಕಳಿಸಿದ್ದಳು, ಉದ್ದ ತೋಳಿನದು. ಗೇಟಿನಲ್ಲಿ ಉದ್ದ ತೋಳಿಗೆ ಪ್ರವೇಶವಿಲ್ಲ ಎಂದರು. ನಾನು ಅಲ್ಲೇ ಗೊಳೋ ಎಂದು ಅಳತೊಡಗಿದೆ. ಹುಸೇನಮ್ಮಕ್ಕ ಚೀಲದಿಂದ ದಾರ ಕತ್ತರಿಸುವ ಕತ್ತರಿ ತೆಗೆದಳು. ಮೊಣಕೈ ಮೇಲಿಂದ ಎರಡೂ ತೋಳನ್ನು ಕಚಕಚ ಕತ್ತರಿಸಿ, ಅಂಚಿನ ಎಳೆಗಳನ್ನು ಸವರಿ, “ಆತು, ನಡಿ” ಅಂದಳು. ತಿರುಗಿ ನೋಡಿದರೆ ಅವಳ ಹಿಂದೆ ಉದ್ದ ತೋಳಿನ ಆರೇಳು ಹುಡುಗಿಯರು ಸಾಲುಗಟ್ಟಿ ನಿಂತಿದ್ದರು. ಗೇಟು ಮುಚ್ಚುವ ಹೊತ್ತಾದರೂ ಅವಳು ಒಬ್ಬರನ್ನೂ ಬಿಡಲಿಲ್ಲ. ಒಳಗೆ ಹೋದವರಲ್ಲಿ ಅವಳೇ ಕೊನೆ. ತಪಾಸಣೆಯವರು ಅವಳ ಕೈ ಹಿಡಿದು, ಶಾಯಿಯಲ್ಲಿ ಏನು ಬರೆದುಕೊಂಡಿದ್ದೀ ಎಂದು ಗದರಿದರಂತೆ. “ಪ್ಯಾಂಟಿನ ಬಣ್ಣ ರೀ, ಬೇಕಾದ್ರ ನೆಕ್ಕಿ ತೋರಸತೀನಿ” ಅಂದಳಂತೆ.

ಫಲಿತಾಂಶ ಬಂತು. ಇಬ್ಬರದೂ ಸೀಟು ಸಿಕ್ಕೀತೋ ಇಲ್ಲವೋ ಎನ್ನುವ ಅಂಚಿನ ಅಂಕಗಳು. ಜಾತಿ ಬೇರೆಯಾದರೂ ಇಬ್ಬರದೂ ಮೀಸಲಾತಿಯ ಒಂದೇ ವರ್ಗ, ಇಬ್ಬರೂ ಹಳ್ಳಿಯವರು, ಕನ್ನಡದಲ್ಲಿ ಓದಿದವರು. ಅವಳು ನನಗಿಂತ ಅರವತ್ತೆರಡು ಸ್ಥಾನ ಮುಂದಿದ್ದಳು. ಅಕ್ಕ ನನ್ನನ್ನು ತಬ್ಬಿಕೊಂಡಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅದಾದ ಮೇಲೆ ಕಾಲೇಜುಗಳ ಪಟ್ಟಿ ಕೊಡುವುದಿತ್ತು. ಯಾವ ಯಾವ ಕೋರ್ಸು, ಯಾವ ಯಾವ ಕಾಲೇಜು ಬೇಕೆಂದು ಒಂದರ ಕೆಳಗೊಂದು ಕಂಪ್ಯೂಟರಿನಲ್ಲಿ ತುಂಬಬೇಕು. ಹಿಂದಿನ ವರ್ಷಗಳಲ್ಲಿ ಅಲ್ಲಿಯವರೆಗೆ ಹೋಗುವ ಭಾಗ್ಯವೇ ಬಂದಿರಲಿಲ್ಲವಾದ್ದರಿಂದ ಅಕ್ಕನಿಗೂ ಅದು ಹೊಸದು. ನನ್ನ ಪಟ್ಟಿಯನ್ನು ಕೋಚಿಂಗ್ ಸರ್ ಬರೆದುಕೊಟ್ಟರು. ನಿನ್ನದನ್ನೂ ಕೇಳು ಎಂದರೆ ಅವಳು ಒಪ್ಪಲಿಲ್ಲ. “ಪಾಪ, ಅವರ್‍ನ ಎಷ್ಟಂತ ಕಾಡೋದು? ಕಾಲೇಜಿನ ಹೆಸರು ಬರಿಯೋದು ಅಷ್ಟ ಅಲ್ಲೇನು” ಎಂದು ತಾನೇ ತುಂಬಿ ಬಂದಳು. ಮರುದಿನ ತಾಯಿಯ ಜೊತೆ ಮೆಣಸಿನ ಸಸಿ ನೆಡಲು ಬಾದನಹಟ್ಟಿಗೆ ಹೋದಳು. ಅಣಕು ಹಂಚಿಕೆ ಬಂದಾಗ ನೋಡಿ ಹೇಳು ಎಂದು ತನ್ನ ನೋಂದಣಿ ನಂಬರು, ಪಾಸ್‌ವರ್ಡು ನನಗೆ ಕೊಟ್ಟಿದ್ದಳು. ನಿಜವಾದ ಹಂಚಿಕೆಗೆ ಮೊದಲು, ಯಾರಿಗೆ ಏನು ಸಿಗಬಹುದೆಂದು ತೋರಿಸಿ, ಪಟ್ಟಿ ತಿದ್ದಿಕೊಳ್ಳಲು ಒಂದು ದಿನ ಕೊಡುತ್ತಾರೆ. ಅದೇ ಅಣಕು ಹಂಚಿಕೆ.

ಅದು ಬಂದ ದಿನ ಮಧ್ಯಾಹ್ನ ನೋಡಿದೆ. ನನಗೆ ರಾಜ್ಯದ ಆ ತುದಿಯ ಒಂದು ಸರ್ಕಾರಿ ಮೆಡಿಕಲ್ ಕಾಲೇಜು. ಹುಸೇನಮ್ಮಕ್ಕನಿಗೆ ಬಳ್ಳಾರಿಯಲ್ಲಿ ನರ್ಸಿಂಗ್.

ಕೋಚಿಂಗ್ ಸರ್ ಹತ್ತಿರ ಓಡಿದೆ. ಅವರು ಅವಳ ಪಟ್ಟಿ ತೆರೆದು ನೋಡಿ ಹಣೆ ಹಿಡಿದುಕೊಂಡರು. ಎಲ್ಲಕ್ಕಿಂತ ಮೇಲೆ ನರ್ಸಿಂಗ್ ಹಾಕಿದ್ದಳು. ಅದರ ಕೆಳಗೆ ಆಯುರ್ವೇದ. ಮೆಡಿಕಲ್ ಕಾಲೇಜುಗಳೆಲ್ಲ ಅದರ ಕೆಳಗೆ, ಸಂಕೋಚದಿಂದ ಮೂಲೆಯಲ್ಲಿ ನಿಂತವರ ಹಾಗೆ. ಸಣ್ಣದನ್ನು ಮೊದಲು ಕೇಳಿದ್ದಳು. ಎದುರಿಗಿರುವವನು ಮನುಷ್ಯನಾಗಿದ್ದರೆ ನೀರು ಕೊಟ್ಟ ಮೇಲೆ ಪಿಂಚಣಿಯನ್ನೂ ಕೊಡುತ್ತಿದ್ದನೇನೋ. ಕಂಪ್ಯೂಟರು ಮೇಲಿನದು ಸಿಕ್ಕಿತೆಂದರೆ ಕೆಳಗಿನದನ್ನೆಲ್ಲ ಅಳಿಸಿಬಿಡುತ್ತದೆ. ಮುಂದಿನ ಸುತ್ತಿನಲ್ಲೂ ಅವಕ್ಕೆ ಜಾಗವಿಲ್ಲ.

“ನಾಳೆ ಬೆಳಿಗ್ಗೆ ಹನ್ನೊಂದರ ತನಕ ಟೈಮ್ ಐತಿ. ಆಕಿ ಫೋನಿಗೆ ಓಟಿಪಿ ಬರತೈತಿ, ಆಕೀನ ತಿದ್ದಬೇಕು. ಲಗೂನ ಹೇಳು” ಎಂದರು ಸರ್. ಆಮೇಲೆ ನನ್ನ ಹಾಳೆಯನ್ನೂ ಅವಳದನ್ನೂ ಪಕ್ಕ ಪಕ್ಕ ಇಟ್ಟು ನೋಡಿ, “ನಿಂದು ಕೊನೇ ಸೀಟವ್ವಾ. ಆಕಿ ತಿದ್ದಿದ್ರ ಇದು ಆಕಿಗೆ ಹೋಗತೈತಿ” ಅಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಇದ್ದದ್ದನ್ನು ಹೇಳಿದರು.

ಫೋನು ಮಾಡಿದೆ. ಸ್ವಿಚ್ ಆಫ್. ನಾಲ್ಕು ಸಲ ಮಾಡಿದೆ, ನಾಲ್ಕು ಸಲವೂ ಸ್ವಿಚ್ ಆಫ್. ಬಸ್ ಸ್ಟ್ಯಾಂಡಿಗೆ ನಡೆದೆ. ಕುರುಗೋಡಿನ ಮೇಲೆ ಬಾದನಹಟ್ಟಿಗೆ ಹೋಗುವ ನಾಲ್ಕು ಗಂಟೆಯ ಬಸ್ಸು ನಿಂತಿತ್ತು. ಅರ್ಧ ಖಾಲಿ. ಕಂಡಕ್ಟರು ಕುರುಗೋಡು, ಬಾದನಹಟ್ಟಿ ಎಂದು ಕೂಗುತ್ತಿದ್ದ. ನನ್ನ ಮುಖ ನೋಡಿ, “ಬರತೀಯೇನವಾ?” ಎಂದೂ ಕೇಳಿದ. ನಾನು ಅಪ್ಪನ ಬೆನ್ನ ಮೇಲಿನ ಅಕ್ಕಿ ಚೀಲ ನೆನೆಸಿಕೊಂಡೆ. ಅವ್ವ ಹೊಲಿಸಿದ ತೋಳು ನೆನೆಸಿಕೊಂಡೆ. ಸಾಯಂಕಾಲ ಫೋನು ಹತ್ತಬಹುದು ಎಂದುಕೊಂಡೆ. ಬಸ್ಸು ಹೋಯಿತು. ಕೋಣೆಗೆ ಬಂದು, ಯಾರೂ ಹೇಳದಿದ್ದರೂ, ಅವಳ ಪಾಲಿನ ಪ್ಯಾಂಟುಗಳ ದಾರವನ್ನೆಲ್ಲ ಕತ್ತರಿಸಿ ಮಡಚಿಟ್ಟೆ.

ಅವಳ ಫೋನು ಹತ್ತಿದ್ದು ಮರುದಿನ ಮಧ್ಯಾಹ್ನ ಒಂದಕ್ಕೆ. ವಿಷಯ ಹೇಳಿದೆ.

“ದೊಡ್ಡದನ್ನ ಮೊದಲಿಗೆ ಬರದ್ರ ಸೊಕ್ಕು ಅಂತ ತಿಳಕೊಂತಾರೇನೋ ಅಂದುಕೊಂಡೆ” ಅಂದಳು. “ನನ್ನ ತಪ್ಪ ಬಿಡು.”

ಈಗ ನಾನು ಆ ದೂರದ ಕಾಲೇಜಿನಲ್ಲಿ ಮೂರನೆಯ ವರ್ಷದಲ್ಲಿದ್ದೇನೆ. ಹುಸೇನಮ್ಮಕ್ಕ ನರ್ಸಿಂಗ್ ಸೇರಿದಳು. ಅದೇ ಕೋಣೆಯಲ್ಲಿದ್ದಾಳೆ, ಈಗಲೂ ಲಾಂಗ್ ಟರ್ಮ್ ಹುಡುಗಿಯೊಬ್ಬಳನ್ನು ಇಟ್ಟುಕೊಂಡು ಓದಿಸುತ್ತಾಳೆ ಎಂದು ಕೋಚಿಂಗ್ ಸರ್ ಹೇಳಿದರು. ಇಲ್ಲಿ ನನಗೆ ಗೆಳತಿಯರಿಲ್ಲವೆಂದಲ್ಲ. ಆದರೆ ವಾರ್ಡಿನಲ್ಲಿ ಹಳ್ಳಿಯ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತಿದ್ದರೆ, ಕೂರಮ್ಮಾ ಎನ್ನಲು ನನ್ನ ನಾಲಿಗೆ ತಡವರಿಸುತ್ತದೆ. ಆ ಮಾತು ಹೇಳಬೇಕಾದವಳು ನಾನಲ್ಲ ಅನ್ನಿಸುತ್ತದೆ. ಇದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಾಗುವುದಿಲ್ಲ.

ಅವಳನ್ನು ಕೊನೆಯ ಸಲ ನೋಡಿದ್ದು ನಾನು ಕಾಲೇಜಿಗೆ ಹೊರಟ ಬೆಳಿಗ್ಗೆ, ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ. ಅಪ್ಪ ಟ್ರಂಕನ್ನು ಬಸ್ಸಿಗೆ ಹಾಕಿಸಲು ಹೋಗಿದ್ದ. ಅವಳು ನನ್ನ ಫೈಲು ಇಸಿದುಕೊಂಡು ಅಂಕಪಟ್ಟಿ, ಜಾತಿ ಪತ್ರ, ಫೋಟೋ ಎಂದು ಒಂದೊಂದನ್ನೇ ತೆಗೆದು ನೋಡಿ ಮತ್ತೆ ಜೋಡಿಸುತ್ತಿದ್ದಳು. ಅವಳು ಅಷ್ಟು ಮುತುವರ್ಜಿ ಮಾಡುವುದನ್ನು ನನ್ನಿಂದ ನೋಡಲಾಗಲಿಲ್ಲ.

“ಅಕ್ಕಾ, ನನಗ ಹಿಂದಿನ ದಿನಾನ ಗೊತ್ತಾಗಿತ್ತು” ಅಂದೆ. “ಟೈಮ್ ಇನ್ನೂ ಇತ್ತು. ನಾಕು ಸಲ ಫೋನ್ ಮಾಡಿದೆ ಅಕ್ಕಾ. ಆಫ್ ಇತ್ತು.”

“ಹೂಂ. ಊರಾಗ ಕರೆಂಟು ಇರಲಿಲ್ಲ” ಅಂದಳು.

ಫೈಲಿನ ದಾರ ಕಟ್ಟಿ ನನ್ನ ಕೈಗೆ ಕೊಟ್ಟಳು. ತಪ್ಪು ಉತ್ತರ ಹೇಳಿದಾಗ ತಿದ್ದುತ್ತಿದ್ದಳಲ್ಲ, ಅಷ್ಟೇ ಮೆತ್ತಗಿನ ದನಿಯಲ್ಲಿ ಕೇಳಿದಳು:

“ನಾಕರ ಬಸ್ಸು ಇತ್ತಲ್ಲಲೇ ಗಂಗಿ?”

ಅಪ್ಪ ಬಸ್ಸಿನ ಬಾಗಿಲಲ್ಲಿ ನಿಂತು ನನ್ನನ್ನು ಕೂಗುತ್ತಿದ್ದ.

“ಇತ್ತಕ್ಕಾ” ಅಂದೆ. ನಾನು ಅವಳ ಹತ್ತಿರ ಆಡಿದ ಕೊನೆಯ ಮಾತು ಅದೇ.