ಕಸರಾನಿಯ ಕನ್ನಡ ಕ್ಯಾಂಪು

ನೈರೋಬಿಗೆ ಬಂದ ಮೇಲೆ ನನಗಿದ್ದದ್ದು ಒಂದೇ ಆಸೆ, ಮಗಳು ನನ್ನ ಜೊತೆ ಕನ್ನಡದಲ್ಲಿ ಮಾತಾಡಬೇಕು. "ಊಟ ಮಾಡ್ತೀಯೇನೇ?" ಅಂದರೆ "ನಾಟ್ ಹಂಗ್ರಿ" ಅನ್ನುತ್ತಿದ್ದಳು ಮಹಾರಾಯ್ತಿ. ಅರ್ಥವೆಲ್ಲ ಆಗುತ್ತಿತ್ತು, ಬಾಯಿಗೆ ಮಾತ್ರ ಬರುತ್ತಿರಲಿಲ್ಲ. ಮೈಸೂರಿನ ನಮ್ಮ ಬೀದಿಯಲ್ಲಿ ಮಕ್ಕಳು ಅಮ್ಮಂದಿರ ಜೊತೆ ಜಗಳ ಆಡೋದನ್ನ ಕೇಳಿಕೊಂಡೇ ಬೆಳೆದವಳು ನಾನು. ಇವಳು ಕನ್ನಡದಲ್ಲಿ ನನ್ನನ್ನ ಬೈದಿದ್ದರೂ ಹಿಗ್ಗುತ್ತಿದ್ದೆ.

ಆ ವರ್ಷ ಅವಳಿಗೆ ಇತಿಹಾಸದ ಪರೀಕ್ಷೆ. ಕಿಲೆಲೆಶ್ವಾ ಬಡಾವಣೆಯ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ನಾನು ಚಪಾತಿ ಲಟ್ಟಿಸುತ್ತ ಪಾಠ ಒಪ್ಪಿಸಿಕೊಳ್ಳುತ್ತಿದ್ದೆ. ನಾಜಿಗಳು ಎಳೆಯರನ್ನ ಹೇಗೆ ಒಲಿಸಿಕೊಂಡರು ಅಂತ ಪ್ರಶ್ನೆ. ಅವಳು ಇಂಗ್ಲಿಷಿನಲ್ಲಿ ಪಟಪಟ ಉದುರಿಸಿದಳು. ಎಲ್ಲರಿಗೂ ಒಂದೇ ಥರದ ಅಂಗಿ, ಡೇರೆ, ಡೋಲು, ಬೆಂಕಿಯ ಸುತ್ತ ಹಾಡು. ಅಪ್ಪ ಅಮ್ಮ ಹಳೇ ಕಾಲದವರು, ನಾಡು ನಿಮ್ಮದು ಅನ್ನೋ ಹೊಗಳಿಕೆ. ಆಮೇಲೆ, ಮನೆಯಲ್ಲಿ ಯಾರು ಏನಂದರು ಅಂತ ಬಂದು ಹೇಳಿ ಅನ್ನೋದು.

"ಥೂ ಮನೆಹಾಳರು! ಹೆತ್ತವರ ಮೇಲೇ ಚಾಡಿ ಹೇಳಿಸಿದರಾ?" ಅಂದೆ ನಾನು. ಲಟ್ಟಣಿಗೆ ಕುಕ್ಕಿದ ಸದ್ದಿಗೆ ಅವಳು ನಕ್ಕಳು.

ಅದೇ ತಿಂಗಳು ಇಲ್ಲಿನ ಕನ್ನಡದವರೆಲ್ಲ ನಮ್ಮ ಮನೆಯಲ್ಲಿ ಸೇರಿದರು. ಮಕ್ಕಳ ಬಾಯಲ್ಲಿ ಕನ್ನಡ ಬರಿಸೋಕೆ ಊರಂಚಿನ ಕಸರಾನಿ ಕಡೆ ಒಂದು ಕ್ಯಾಂಪು ಮಾಡೋಣ ಅಂತ. ಹಳದಿ ಟೀ ಶರ್ಟು, ರಾತ್ರಿ ಬೆಂಕಿ, ಹಾಡು, ಎಲ್ಲ ನಿಶ್ಚಯವಾಯಿತು. ಔಷಧ ಕಂಪನಿಯ ಮ್ಯಾನೇಜರೊಬ್ಬರು, "ಮನೇಲಿ ಯಾರು ಇಂಗ್ಲಿಷ್ ಮಾತಾಡಿದರೂ ಸರಿ, ಅಪ್ಪ ಅಮ್ಮನೇ ಆಗಲಿ, ಮಕ್ಕಳು ಬಂದು ನಮಗೆ ಹೇಳಬೇಕು. ಹೇಳಿದವರಿಗೆ ಬಹುಮಾನ" ಅಂದರು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವಳು ನಾನೇ. ಅಷ್ಟು ಆಸೆ ನನಗೆ.

ಅವರೆಲ್ಲ ಹೋದ ಮೇಲೆ, ಅಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದ ಮಗಳು ಟೀ ಲೋಟ ಎತ್ತುತ್ತ ನಿಂತುಬಿಟ್ಟಳು. ಕೆಳಗೆ ರಸ್ತೆಯಲ್ಲಿ ಮಟಾಟು ವ್ಯಾನೊಂದು ಜೋರಾಗಿ ಹಾಡು ಹಾಕಿಕೊಂಡು ಹೋಯಿತು. ಅದು ದೂರವಾಗೋವರೆಗೆ ಕಾದು, ಒಂದೊಂದೇ ಪದ ಹುಡುಕಿ ಜೋಡಿಸಿದಳು.

"ಅಮ್ಮ, ನಾನು... ನಿನ್ನ ಮೇಲೆ... ಚಾಡಿ ಹೇಳಬೇಕಾ?"

ಎಷ್ಟು ವರ್ಷದಿಂದ ಕಾದಿದ್ದ ಕನ್ನಡ! ನನ್ನದೇ ಮಾತನ್ನ ನೆನಪಿಟ್ಟುಕೊಂಡಿದ್ದಳು ಹುಡುಗಿ. ನನಗೆ ಅಳು ಬಂತು. "ಬೇಡ ಕಂದ, ಬೇಡ್ವೇ ಬೇಡ" ಅಂತ ತಬ್ಬಿಕೊಂಡೆ. "ಓಕೆ, ಅಮ್ಮ" ಅಂದಳು, ಮತ್ತೆ ಇಂಗ್ಲಿಷಿಗೆ ಹೋದಳು.

ನಾವು ಕ್ಯಾಂಪಿಗೆ ಹೋಗಲಿಲ್ಲ. ಅವಳು ದೊಡ್ಡವಳಾಗಿ ಬೇರೆ ಊರು ಸೇರಿದ್ದಾಳೆ, ಈಗಲೂ ಫೋನಿನಲ್ಲಿ ಅವಳದು ಇಂಗ್ಲಿಷು, ನನ್ನದು ಕನ್ನಡ. ಇನ್ನೊಂದು ವಾಕ್ಯಕ್ಕೆ ಕಾಯ್ತಾನೇ ಇದ್ದೀನಿ.