ಹೂಂ ಅನ್ನಲು ಜಾಗ

ಫೋನಿನಲ್ಲಿ ಮಾತಾಡುವಾಗ ಆ ಕಡೆಯವರು ಅರೆಗಳಿಗೆ ‘ಹೂಂ’ ಅನ್ನದಿದ್ದರೆ ನನ್ನ ಮಾತು ಮುಂದಕ್ಕೇ ಹೋಗುವುದಿಲ್ಲ. ‘ಹಲೋ, ಹಲೋ’ ಎಂದು ಕೂಗತೊಡಗುತ್ತೇನೆ. ನೀವೂ ಹಾಗೇ ಮಾಡುತ್ತೀರಿ, ಸುಮ್ಮನೆ ಒಪ್ಪಿಕೊಳ್ಳಿ.

ನನಗೆ ಈ ಚಟ ಹತ್ತಿಸಿದವರು ಬ್ಯಾಡಗಿಯ ನಮ್ಮ ಓಣಿಯ ಅಮೀನಾ ಖಾಲಾ. ಚಿಕ್ಕಂದಿನಲ್ಲಿ ನಮ್ಮನ್ನೆಲ್ಲ ಕಟ್ಟೆಯ ಮೇಲೆ ಕೂರಿಸಿಕೊಂಡು ಕತೆ ಹೇಳುತ್ತಿದ್ದರು. ಹೂಂಗುಟ್ಟಲು ಒಬ್ಬರನ್ನು ನೇಮಿಸದೆ ಕತೆ ಶುರುವಾಗುತ್ತಿರಲಿಲ್ಲ. ಆ ಒಬ್ಬರು ತೂಕಡಿಸಿದರೆ ಮುಗಿಯಿತು, ರಾಜಕುಮಾರ ಕುದುರೆಯ ಮೇಲೇ ಉಳಿದುಬಿಡುತ್ತಿದ್ದ. ಎಷ್ಟು ಗೋಗರೆದರೂ ಇಳಿಯುತ್ತಿರಲಿಲ್ಲ. ಪುರಾಣಗಳಲ್ಲೂ ನೋಡಿ, ಯಾರಾದರೂ ಕೇಳಿದರೆ ಮಾತ್ರ ಇನ್ನೊಬ್ಬರು ಹೇಳುವುದು. ಅಷ್ಟು ದೊಡ್ಡ ಋಷಿಗಳೇ ಹೂಂಗುಟ್ಟಲು ಕೂತಿದ್ದಾರೆ.

ಈಗ ನನ್ನದೊಂದು ಸಣ್ಣ ಖಾರಪುಡಿ ಗಿರಣಿ ಇದೆ. ಹೋದ ವರ್ಷ ರಾಣೆಬೆನ್ನೂರಿನ ಹೋಟೆಲೊಂದರಲ್ಲಿ, ಊರೂರಲ್ಲೂ ಅಂಗಡಿಗಳಿರುವ ಕಂಪನಿಯವರೆದುರು ನಮ್ಮ ಪುಡಿಯ ಬಗ್ಗೆ ಪ್ರೆಸೆಂಟೇಶನ್ ಕೊಡಬೇಕಿತ್ತು. ಅವರು ಒಪ್ಪಿದರೆ ವರ್ಷವಿಡೀ ಕೆಲಸ. ಇಲ್ಲದಿದ್ದರೆ ಸುಗ್ಗಿ ಮುಗಿದ ಮೇಲೆ, ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರಿಗೆ ನಾಳೆಯಿಂದ ಬರಬೇಡಿ ಅನ್ನಬೇಕಿತ್ತು. ಆ ಭಯಕ್ಕೇ ಸ್ಲೈಡುಗಳನ್ನು ಹಬ್ಬದ ದಿನದ ಬಸ್ಸಿನಂತೆ ತುಂಬಿದೆ. ಬಣ್ಣ, ಖಾರ, ತೇವಾಂಶ, ಎಲ್ಲಕ್ಕೂ ಒಂದೊಂದು ನಕ್ಷೆ.

ಖಾಲಾ ಎದುರು ತಾಲೀಮು ಮಾಡಿದೆ. ಈಗ ಅವರಿಗೆ ಕಣ್ಣು ಮಂದ, ಕಿವಿ ಮಾತ್ರ ಚುರುಕು. ಮುಗಿಯುವವರೆಗೂ ಒಂದೇ ಒಂದು ಹೂಂ ಇಲ್ಲ. ನಿದ್ದೆ ಹೋದರೇನೋ ಎಂದು ನೋಡಿದರೆ ಎಚ್ಚರವಾಗಿಯೇ ಇದ್ದರು. ಯಾಕೆ ಸುಮ್ಮನಿದ್ದೀರಿ ಎಂದು ಕೇಳಿದೆ.

“ಹೂಂ ಅನ್ನಾಕ ನೀ ಎಲ್ಲಿ ಜಾಗಾ ಬಿಟ್ಟೀದಿ, ಬೇಟಿ?” ಎಂದರು.

ಮೊದಲು ಮುಖ ಊದಿಸಿಕೊಂಡೆ. ಆಮೇಲೆ ಮನೆಗೆ ಬಂದು ನಕ್ಷೆಗಳನ್ನು ಒಂದೊಂದಾಗಿ ಕಿತ್ತುಹಾಕಿದೆ.

ರಾಣೆಬೆನ್ನೂರಿನಲ್ಲಿ ಪರದೆಯ ಮೇಲೆ ಬದನೆಕಾಯಿ ಎಣ್ಣೆಗಾಯಿಯ ಚಿತ್ರವೊಂದನ್ನೇ ಹಾಕಿ, ನಮ್ಮ ಮಹಡಿಗೆ ಬಾಡಿಗೆಗೆ ಬಂದಿದ್ದ ಉತ್ತರ ಭಾರತದ ಅಧಿಕಾರಿಯೊಬ್ಬರ ಕತೆ ಹೇಳಿದೆ. ಊಟಕ್ಕೆ ಕರೆದಿದ್ದೆವು. ಕೆಂಪನೆಯ ಎಣ್ಣೆಗಾಯಿ ಕಂಡದ್ದೇ ಅವರ ಮುಖ ಬಿಳಿಚಿಕೊಂಡಿತು. ಮುಂಚಿತವಾಗಿಯೇ ಒಂದು ತಂಬಿಗೆ ನೀರು ಕುಡಿದರು. ಬೆಲ್ಲದ ಚೂರೊಂದನ್ನು ಕೈಗೆಟುಕುವಲ್ಲಿ ಇಟ್ಟುಕೊಂಡರು. ರೊಟ್ಟಿಯನ್ನು ಅಷ್ಟೇ ಅಷ್ಟು ಅದ್ದಿ ಬಾಯಿಗಿಟ್ಟು, ಕಣ್ಣು ಮುಚ್ಚಿ, ಉರಿ ಬರಲೆಂದು ಕಾದು ಕೂತರು.

ಅಲ್ಲಿ ನಾನು ಮಾತು ನಿಲ್ಲಿಸಿದೆ. ನನ್ನ ಕಣ್ಣ ಮುಂದೆ ಗಿರಣಿಯ ಹೆಂಗಸರು ಬಂದು ನಿಂತರು. ಆಗ, ಅಷ್ಟು ಹೊತ್ತೂ ಫೋನು ಒತ್ತುತ್ತಿದ್ದ ಹಿರಿಯರೊಬ್ಬರು ತಲೆಯೆತ್ತಿ, ತಮಗೇ ಗೊತ್ತಿಲ್ಲದ ಹಾಗೆ “ಹೂಂ?” ಎಂದರು.

ಉರಿ ಬರಲಿಲ್ಲ, ಎರಡನೇ ರೊಟ್ಟಿ ಬಂತು ಎಂದೆ. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದಕ್ಕೆ ನಕ್ಷೆಯೇ ಬೇಕಾಗಲಿಲ್ಲ. ತೇವಾಂಶದ ಲೆಕ್ಕವನ್ನು ಆಮೇಲೆ ಅವರಾಗಿಯೇ ಕೇಳಿದರು. ವಾರ ಕಳೆಯುವುದರೊಳಗೆ ಆರ್ಡರೂ ಬಂತು.

ಅಂದು ಪೇಢೆ ಕಟ್ಟಿಸಿಕೊಂಡು ಖಾಲಾ ಮನೆಗೆ ಓಡಿದೆ. ಹೆಂಗಸರ ಕೆಲಸ ಉಳಿಯಿತು, ಅದು ನಿಮ್ಮಿಂದಲೇ ಎಂದು ಹೇಳಬೇಕಿತ್ತು. ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಪೇಢೆಯ ಪೊಟ್ಟಣದ ದಾರ ಬಿಚ್ಚುತ್ತ ನಿಂತೆ. ಖಾಲಾ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ನಾನಿನ್ನೂ ಬಾಯಿ ತೆರೆದಿರಲಿಲ್ಲ. ಅವರು ಆಗಲೇ “ಹೂಂ” ಎಂದರು.