ಮೊದಲು ತುದಿ ತೋರಿಸಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬೀದಿದೀಪಗಳ ಕೆಳಗೆ ಇಬ್ಬರು ಕಡಲ ಕಡೆಗೆ ನಡೆದು ಬರುತ್ತಿದ್ದಾರೆ. ಮುಂದೆ, ಹೆಗಲ ಮೇಲೆ ಗಾಳದ ಕೋಲು ಹೊತ್ತ ಗಂಡಸು. ಹಿಂದೆ, ಒಂದು ದೀಪದ ಕಂಬದಷ್ಟು ಅಂತರ ಬಿಟ್ಟು, ತಗಡಿನ ಪೆಟ್ಟಿಗೆ ಹಿಡಿದ ಹೆಂಗಸು. ಅವರು ನಿಂತರೆ ಇವರೂ ನಿಲ್ಲುತ್ತಾರೆ. ಅವರು ಚಪ್ಪಲಿಯೊಳಗಿನ ಮರಳು ಕೊಡವಿಕೊಂಡು ಹೊರಟರೆ ಇವರೂ ಹೊರಡುತ್ತಾರೆ. ನೋಡಿದವರಿಗೆ ಕಳ್ಳನ ಹಿಂದೆ ಪೊಲೀಸು ಬಿದ್ದ ಹಾಗೆ ಕಾಣಬೇಕು. ಇಬ್ಬರೂ ಒಂದೇ ತಾಯಿಯ ಮಕ್ಕಳು, ಹೊರಟಿದ್ದೂ ಒಂದೇ ಮನೆಯಿಂದ.

ಅಣ್ಣ ಕಡಲೊಳಕ್ಕೆ ಚಾಚಿದ ಕಲ್ಲಿನ ತಡೆಗೋಡೆಯ ಮೇಲೆ ನಡೆದು ನಡೆದು ತುತ್ತತುದಿ ಸೇರುತ್ತಾರೆ. ತಂಗಿ ಗೋಡೆಯ ಬುಡದಲ್ಲೇ ಉಳಿಯುತ್ತಾರೆ. ಅಲ್ಲಿ ಅವರದೊಂದು ಗೂಡಂಗಡಿ. ಹಲಗೆ ಬಾಗಿಲನ್ನು ಮೇಲೆತ್ತಿ ಕೋಲು ಊರಿ ನಿಲ್ಲಿಸುತ್ತಾರೆ, ಮುಂದಿನ ಹಲಗೆಯ ಮೇಲೆ ಹಳೆಯ ಟವೆಲ್ಲು ಹಾಸುತ್ತಾರೆ, ಅದರ ಮೇಲೆ ನಿನ್ನೆ ಯಾರೋ ಬಿಟ್ಟುಹೋದ, ಗಾಳದ ದಾರ ಸುತ್ತುವ ರೀಲನ್ನಿಟ್ಟು ಬಿಚ್ಚತೊಡಗುತ್ತಾರೆ. ಟವೆಲ್ಲು ಯಾಕೆಂದರೆ ಒಳಗಿನ ಸ್ಪ್ರಿಂಗು ಹಾರಿದರೂ ಅದರ ನೂಲಿಗೆ ಸಿಕ್ಕಿಕೊಳ್ಳುತ್ತದೆ. "ಬರೀ ಹಲಗೆ ಮೇಲೆ ಬಿಚ್ಚಿದ್ರೆ ಮುಗೀತು ಕಣಮ್ಮ, ಸ್ಪ್ರಿಂಗು ಸಮುದ್ರದ ಪಾಲು," ಎನ್ನುತ್ತಾರೆ. ಬೆರಳುಗಳಿಗೆ ಗ್ರೀಸಿನ ಕಪ್ಪು ಹತ್ತಿ ಎಷ್ಟೋ ಕಾಲವಾಗಿದೆ, ತೊಳೆದರೆ ಹೋಗುವ ಮಾತೇ ಇಲ್ಲ.

ಇಲ್ಲಿ ಗಾಳ ಹಾಕುವವರೆಲ್ಲ ಇವರನ್ನು ಕರೆಯುವುದು ರೀಲಕ್ಕ ಎಂದು. ರೀಲು ರಿಪೇರಿ ಮಾಡುವುದು ಇವರು, ರೀಲು ಬಿಡುವುದು ಗೋಡೆಯ ಮೇಲೆ ನಿಂತವರು ಎಂದು ಪಕ್ಕದ ಚಹಾ ಅಂಗಡಿಯವನ ತಮಾಷೆ. ಅಲ್ಲಿ ತಪ್ಪಿಸಿಕೊಂಡ ಮೀನುಗಳ ಉದ್ದ ದಿನದಿಂದ ದಿನಕ್ಕೆ ಬೆಳೆಯುತ್ತದೆಯಂತೆ.

ನಾನು ಇವರ ಹತ್ತಿರ ಮೊದಲು ಬಂದದ್ದು ಹೋದ ಭಾನುವಾರ, ಪೇಪರಿಗೆ ಬರೆಯಲು ಅಲ್ಲ, ಜಗಳಕ್ಕೆ. ಅಗ್ಗಕ್ಕೆ ಸಿಕ್ಕಿತೆಂದು ಪೇಟೆಯಲ್ಲಿ ಒಂದು ಕೋಲು, ರೀಲು, ದಾರ, ಗಾಳ ಎಲ್ಲ ಸೇರಿದ ಪ್ಯಾಕೆಟ್ಟು ಕೊಂಡಿದ್ದೆ. ಮೊದಲ ಸಲ ಎಸೆದಾಗಲೇ ಗಾಳ ಹಾರಿಹೋಯಿತು, ರೀಲಿನ ಹಿಡಿ ಕಿತ್ತು ಕೈಗೆ ಬಂತು. ಸಿಟ್ಟು ನೆತ್ತಿಗೇರಿತ್ತು. ಇಂಥ ಕಳಪೆ ಮಾಲು ಮಾರುವವರಿಗೆ ನಾಚಿಕೆಯಾಗಬೇಕು ಎಂದು ಇವರ ಮುಂದೆ ಶುರುಮಾಡಿದೆ, ಮಾರಿದ್ದು ಇವರೇ ಎಂಬಂತೆ.

"ಮೊದಲು ತುದಿ ತೋರಿಸು. ಆಮೇಲೆ ಎಷ್ಟು ಬೇಕಾದ್ರೂ ಬೈಯಿ," ಎಂದರು.

ತುದಿ ಎಂದರೆ ಕಡಿದ ದಾರದ ತುದಿ. ರೀಲಕ್ಕನ ಅಂಗಡಿಯ ಕಾನೂನು ಇದೊಂದೇ. ತುದಿ ನೋಡದೆ ಯಾರ ತಪ್ಪೆಂದೂ ಹೇಳುವುದಿಲ್ಲ. ತುದಿ ಒರಟಾಗಿ ಎಳೆ ಬಿಟ್ಟುಕೊಂಡಿದ್ದರೆ ದಾರ ಬಂಡೆಗೆ ಉಜ್ಜಿದೆ. ಹಿಗ್ಗಿ ತೆಳ್ಳಗಾಗಿದ್ದರೆ ದಾರದ್ದೇ ದೋಷ. ಹಂದಿಯ ಬಾಲದ ಹಾಗೆ ಸುರುಳಿ ಸುತ್ತಿದ್ದರೆ ಗಂಟು ಕೈಕೊಟ್ಟಿದೆ, ಅಂದರೆ ಕಟ್ಟಿದವರ ತಪ್ಪು. ನನ್ನ ತುದಿಯನ್ನು ಅವರು ಬೆಳಕಿಗೆ ಹಿಡಿದರು. ಒಳ್ಳೆ ಕೊಬ್ಬಿದ ಹಂದಿಯ ಬಾಲವದು.

"ಗಂಟು ಬಿಗಿಯೋ ಮುಂಚೆ ಒದ್ದೆ ಮಾಡಿದ್ಯಾ?"

ಇಲ್ಲ ಎಂದೆ. ಅವರು ಕಲಿಯುವವರಿಗೆಂದೇ ಇಟ್ಟಿರುವ ಅಗ್ಗದ ದಾರದ ಉರುಳೆಯಿಂದ ಎರಡು ತುಂಡು ಕತ್ತರಿಸಿ, ಎರಡಕ್ಕೂ ಒಂದೇ ಥರದ ಗಂಟು ಹಾಕಿದರು. ಒಂದನ್ನು ಹಾಗೇ ಎಳೆದರು. ಗಂಟಿನ ಪಕ್ಕ ದಾರ ಬೆಳ್ಳಗಾಯಿತು, ಇನ್ನಷ್ಟು ಎಳೆದಾಗ ಟಪ್ಪೆಂದಿತು. ಇನ್ನೊಂದನ್ನು ಬಾಯಿಗಿಟ್ಟು ಎಂಜಲು ಹಚ್ಚಿ ನಿಧಾನವಾಗಿ ಬಿಗಿದರು. ನಾನು ಎರಡೂ ಕೈಯಲ್ಲಿ ಜಗ್ಗಿದರೂ ಅದು ಜಪ್ಪಯ್ಯ ಅನ್ನಲಿಲ್ಲ. "ಒಣಗಂಟು ಎಳೆದ್ರೆ ದಾರ ಒಳಗೊಳಗೇ ಸುಟ್ಟುಹೋಗುತ್ತೆ. ಮೇಲ್ನೋಟಕ್ಕೆ ಗೊತ್ತಾಗಲ್ಲ. ಮೀನು ಕಚ್ಚಿದಾಗಲೇ ಗೊತ್ತಾಗೋದು," ಎಂದರು. ನನ್ನ ಸಿಟ್ಟು ಬಂದ ದಾರಿಗೆ ಸುಂಕವಿಲ್ಲವೆಂದು ಇಳಿದುಹೋಯಿತು.

ಹಾಗಾದರೆ ಈ ಅಗ್ಗದ ಗಾಳ, ರೀಲುಗಳನ್ನು ಕೊಳ್ಳಬಹುದೋ ಬಾರದೋ? ದಿನಾ ಹತ್ತು ಜನ ಇವರನ್ನು ಕೇಳುವ ಪ್ರಶ್ನೆ ಇದೇ. ಕಾಸಿಗೆ ತಕ್ಕ ಕಜ್ಜಾಯ ಎಂದು ತೇಲಿಸಿಬಿಡಬಹುದಿತ್ತು. ಇವರು ಹಾಗೆ ಮಾಡುವುದಿಲ್ಲ. "ಅಗ್ಗದ್ದು ಅಂದ್ರೆ ಕೆಟ್ಟದ್ದು ಅಂತಲ್ಲಮ್ಮ. ಅರ್ಧ ಮಾಡಿ ಬಿಟ್ಟಿರ್ತಾರೆ ಅಷ್ಟೇ. ಒಳಗೆ ಗ್ರೀಸ್ ಹಾಕಿರಲ್ಲ, ಸ್ಕ್ರೂ ಬಿಗಿ ಮಾಡಿರಲ್ಲ, ವಾಷರ್ ಸೊಟ್ಟ ಕೂತಿರುತ್ತೆ. ಉಳಿದ ಅರ್ಧಾನ ಯಾರಾದ್ರೂ ಮಾಡ್ಬೇಕಲ್ಲ, ಅದನ್ನ ನಾನು ಮಾಡ್ತೀನಿ. ಕೋಲು ಅಗ್ಗದ್ದಿರಲಿ, ರೀಲು ಅಗ್ಗದ್ದಿರಲಿ, ಪರವಾಗಿಲ್ಲ. ದಾರ ಮತ್ತೆ ಕೊಕ್ಕೆ ಮಾತ್ರ ಒಳ್ಳೇದು ತಗೋ. ಮೀನಿಗೂ ನಿಂಗೂ ಮಧ್ಯೆ ಇರೋದು ಅವೆರಡೇ."

ನನ್ನ ರೀಲಿಗೆ ಬೇಕಾದ ಸ್ಪ್ರಿಂಗು ಅಂಗಡಿಯಲ್ಲಿರಲಿಲ್ಲ. ಮಧ್ಯಾಹ್ನ ಬಾಗಿಲಿಳಿಸಿ ನನ್ನನ್ನು ಮನೆಗೇ ಕರೆದುಕೊಂಡು ಹೋದರು. ಕಿರಿದಾದ ಎರಡಂತಸ್ತಿನ ಮನೆ. ಕೆಳಗಿನ ಕೋಣೆಯಲ್ಲಿ ಒಂದು ಮಂಚ, ಒಂದು ಕುರ್ಚಿ, ಕಿಟಕಿಯ ಪಕ್ಕ ಅಪ್ಪನ ಕಾಲದ ಮೇಜು. ಅಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರಂತೆ. ಮಗ ಶಾಲೆ ತಪ್ಪಿಸಿ ಗಾಳ ಹಾಕಲು ಓಡಿದರೆ ಮಗಳು ಮೇಜಿನ ಕೆಳಗೆ ಕೂತು ಉದುರಿದ ಸ್ಕ್ರೂ ಆರಿಸುತ್ತಿದ್ದಳು. ಮುಂದೆ ಅಣ್ಣನ ರೀಲು ಕೆಟ್ಟಾಗಲೆಲ್ಲ ಬಿಚ್ಚಿ ನೋಡುವುದು ಇವಳ ಕೆಲಸವಾಯಿತು, ಅಲ್ಲಿಂದ ಊರಿನವರ ರೀಲುಗಳೂ ಬಂದವು. "ಮದುವೆ ಯಾಕಾಗ್ಲಿಲ್ಲ ಅಂತ ಕೇಳಬೇಡ ಮತ್ತೆ. ನೋಡೋಕೆ ಬಂದೋರೆಲ್ಲ ಕೈ ನೋಡಿ ಎದ್ದು ಹೋದ್ರು," ಎಂದು ಕಪ್ಪು ಬೆರಳು ತೋರಿಸಿ ನಕ್ಕರು. ನಕ್ಕಿದ್ದು ಅವರೊಬ್ಬರೇ.

ಅಷ್ಟರಲ್ಲಿ ತಲೆಯ ಮೇಲೆ ಕುರ್ಚಿ ಎಳೆದ ಸದ್ದಾಯಿತು. ಅವರ ಮಾತು ಅಲ್ಲೇ ನಿಂತಿತು. "ಅಣ್ಣ. ಊಟ ಆಯ್ತು ಅಂತ ಕಾಣುತ್ತೆ," ಎಂದರು. ಒಂದೇ ಮನೆ, ಎರಡು ಒಲೆ. ಅಣ್ಣ ಹೊರಗಿನ ಮೆಟ್ಟಿಲಿನಿಂದ ಹತ್ತಿ ಇಳಿಯುತ್ತಾರೆ. ವರ್ಷಗಳಾದವು, ಇಬ್ಬರ ನಡುವೆ ಮಾತಿಲ್ಲ. ಮೇಲಿನ ನಡಿಗೆ, ಕೆಮ್ಮು, ನಲ್ಲಿಯ ಸದ್ದು ಕೇಳಿಸಿಕೊಂಡೇ ಇವರಿಗೆ ಅಣ್ಣನ ದಿನಚರಿಯೆಲ್ಲ ಬಾಯಿಪಾಠ. ತೀರಾ ಹೊತ್ತಾದರೂ ಸದ್ದು ಬಾರದಿದ್ದರೆ ಪೊರಕೆಯ ಹಿಡಿಯಿಂದ ಸೂರಿಗೆ ಎರಡು ಸಲ ಕುಟ್ಟುತ್ತಾರೆ. ಮೇಲಿನಿಂದ ಅಣ್ಣ ಒಂದು ಸಲ ಕಾಲು ಕುಟ್ಟುತ್ತಾರೆ, ಬದುಕಿದ್ದೇನೆ ಎಂದು. ಸೂರಿನ ಸುಣ್ಣ ಅದೊಂದು ಜಾಗದಲ್ಲಿ ಪೂರ್ತಿ ಉದುರಿದೆ.

ಏನಾಯಿತು ಎಂದು ಕೇಳಿದೆ. ಬಹಳ ಹೊತ್ತು ಅಪ್ಪನ ಡಬ್ಬಿಯಲ್ಲಿ ಸ್ಪ್ರಿಂಗು ಹುಡುಕುತ್ತಿದ್ದರು, ಸಿಕ್ಕ ಮೇಲೂ ಹುಡುಕುತ್ತಿದ್ದರು. ಆಮೇಲೆ ಹೇಳಿದರು.

ಅಣ್ಣ ಬಸ್ ಡ್ರೈವರ್ ಆಗಿದ್ದವರು. ನಿವೃತ್ತಿಯ ದಿನ ತಂಗಿ ಒಂದು ಗಾಳದ ಕೋಲು ಕೊಟ್ಟರು. ಕೋಲು, ರೀಲು, ದಾರ ಎಲ್ಲವೂ ಅಗ್ಗದ್ದೇ, ಆದರೆ ರೀಲನ್ನು ಪೂರ್ತಿ ಬಿಚ್ಚಿ, ಒಳಗಿನ ಚಕ್ರಗಳ ಒಂದೊಂದು ಹಲ್ಲನ್ನೂ ಉಜ್ಜಿ, ಹೊಸ ವಾಷರ್ ಹಾಕಿ ಕೂರಿಸಿದ್ದರು. ಅಣ್ಣ ಅದನ್ನು ಗೋಡೆಯ ಮೇಲಿನವರಿಗೆಲ್ಲ ತೋರಿಸಿ ಬೀಗಿದರು. ಒಂದು ಬೆಳಿಗ್ಗೆ ಅದಕ್ಕೆ ಅವರ ಜನ್ಮದಲ್ಲೇ ಕಾಣದಂಥ ಮೀನು ಬಿತ್ತು. ಎಲ್ಲರೂ ತಮ್ಮ ಕೋಲು ಬಿಟ್ಟು ಸುತ್ತ ನಿಂತರು, ಅಂಗಡಿ ಬಿಟ್ಟು ತಂಗಿಯೂ ಓಡಿಬಂದರು. ಮೀನು ಬಂಡೆಗಳ ಹತ್ತಿರ ಬಂದು ಬೆನ್ನು ತೋರಿಸಿದ ಹೊತ್ತಿಗೆ ದಾರ ಕಡಿಯಿತು. ಅಣ್ಣ ಕೋಲನ್ನೇ ಸಮುದ್ರಕ್ಕೆ ಎಸೆದು, ಅಗ್ಗದ ಮಾಲು ಕೊಟ್ಟು ತಂಗಿ ನನ್ನ ಮಾನ ಕಳೆದಳು ಎಂದು ಕೂಗಾಡಿದರು.

"ನಾನು ಸುಮ್ಮನಿರಬಹುದಿತ್ತು. ಇರ್ಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಒಣಗಂಟು ಎಳೆದೋನು ನೀನು, ನನ್ನ ದಾರಕ್ಕೆ ಯಾಕೆ ಬೈತೀಯ ಅಂದೆ. ಅಷ್ಟು ಜನರ ಮುಂದೆ. ಎಲ್ಲಾ ಬಿದ್ದು ಬಿದ್ದು ನಕ್ಕರು. ಅವತ್ತಿಂದ ಅವನಿಗೆ ಗೋಡೆ ಮೇಲೆ ಡೊಂಕಣ್ಣ ಅಂತ ಹೆಸರು. ಸಣ್ಣ ಮಕ್ಕಳೂ ಹಂಗೇ ಕರೀತಾರೆ. ಇಟ್ಟೋಳು ನಾನೇ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ತಪ್ಪು ಅಣ್ಣನದೇ ಆಗಿದ್ದರೆ ಇವರಿಗೆ ಇಷ್ಟು ನೋವೇಕೆ ಎಂದು ಕೇಳಿದೆ. ಅವರು ನನ್ನ ಮುಖವನ್ನೇ ನೋಡಿದರು. "ಅವತ್ತು ನಾನು ತುದಿ ನೋಡಿರ್ಲಿಲ್ಲ ಕಣಮ್ಮ. ಕೋಲು, ದಾರ, ಎಲ್ಲಾ ಸಮುದ್ರಕ್ಕೆ ಹೋಯ್ತಲ್ಲ. ಗಂಟೋ, ಬಂಡೆಯೋ, ನಾನು ಕೊಟ್ಟ ದಾರವೋ, ಯಾರಿಗೆ ಗೊತ್ತು? ನೋಡದೇನೇ ಹೇಳಿಬಿಟ್ಟೆ."

ಇದನ್ನೆಲ್ಲ ಬರೆಯಲೇ ಎಂದೆ. "ಬರಿ. ಅವನೆಲ್ಲಿ ಪೇಪರ್ ಓದ್ತಾನೆ? ಹುಳ ಸುತ್ತಿಕೊಳ್ಳೋಕೆ ಅಂತ ಚಹಾ ಅಂಗಡಿಯಿಂದ ಹಳೇದು ತಗೊಂಡು ಹೋಗ್ತಾನೆ. ಗೋಡೆ ಮೇಲಿರೋರೆಲ್ಲ ಅಷ್ಟೇ," ಎಂದರು. ನನ್ನ ಬರವಣಿಗೆಗೆ ಇಲ್ಲಿಯವರೆಗೆ ಬಂದ ಪ್ರಾಮಾಣಿಕ ವಿಮರ್ಶೆ ಅದೊಂದೇ. ನಿಮಗೇನಾದರೂ ಆಸೆ ಇದೆಯೇ ಎಂದೂ ಕೇಳಿದೆ, ಇಂಥ ಲೇಖನಕ್ಕೆ ಅದು ಬೇಕಾಗುತ್ತದೆ. "ದೊಡ್ಡದೇನಿಲ್ಲ. ಊರಿನವರ ದಾರ ಎಲ್ಲಾ ನೋಡಿದೀನಿ. ಒಂದ್ಸಲ ಅಣ್ಣ ಬಂದು ತುದಿ ತೋರಿಸ್ಬೇಕು, ನಾನು ನೋಡಿ ಹೇಳ್ಬೇಕು."

ಅದಕ್ಕೇ ಇವತ್ತು ನಸುಕಿನಲ್ಲೇ ಎದ್ದು ಬಂದು ಇವರ ಪಕ್ಕ ಕೂತಿದ್ದೇನೆ. ಈಗ ಬಿಸಿಲು ಏರಿದೆ. ರೀಲಕ್ಕ ಉಪ್ಪು ಹಿಡಿದ ರೀಲೊಂದನ್ನು ಸೀಮೆಎಣ್ಣೆಯಲ್ಲಿ ನೆನೆಸಿಟ್ಟು, ಹಲ್ಲುಜ್ಜುವ ಬ್ರಷ್ಷಿನಿಂದ ಇನ್ನೊಂದರ ಹಲ್ಲುಜ್ಜುತ್ತಿದ್ದಾರೆ. ಗಿರಾಕಿಗಳು ಬರುತ್ತಾರೆ, ರೀಲು ತಿರುಗಿಸಿ ಸದ್ದು ಕೇಳುತ್ತಾರೆ, ಹೋಗುತ್ತಾರೆ. ಯಾರೂ ಎರಡು ಮಾತಿಗಿಂತ ಹೆಚ್ಚು ಆಡುವುದಿಲ್ಲ, ಎಲ್ಲರ ಕಣ್ಣೂ ನೀರಿನ ಮೇಲೆ. ಗಿರಾಕಿ ಇಲ್ಲದಾಗ ಇವರು ಗೋಡೆಯ ತುದಿಯಲ್ಲಿರುವ ಸಣ್ಣ ಆಕಾರವನ್ನು ನೋಡುತ್ತಾರೆ. ಇಷ್ಟು ದೂರದಿಂದ ಅಣ್ಣನ ಮುಖ ಕಾಣುವುದಿಲ್ಲ, ಬೆನ್ನು ಮಾತ್ರ ಕಾಣುತ್ತದೆ.

ಇದ್ದಕ್ಕಿದ್ದಂತೆ ಆ ತುದಿಯಲ್ಲಿ ಗದ್ದಲವೇಳುತ್ತದೆ. ಅಣ್ಣನ ಕೋಲು ಬಿಲ್ಲಿನಂತೆ ಬಾಗಿದೆ, ಜನ ಅತ್ತ ಓಡುತ್ತಿದ್ದಾರೆ. ರೀಲಕ್ಕನ ಬ್ರಷ್ಷು ನಿಂತಿದೆ. ಅವರು ಏಳುತ್ತಾರೆ, ಮತ್ತೆ ಕೂರುತ್ತಾರೆ. "ಬಿಡು ಬಿಡು, ಎಳೀಬೇಡ, ದಾರ ಬಿಡು," ಎಂದು ತಮ್ಮಷ್ಟಕ್ಕೆ ಗೊಣಗುತ್ತಾರೆ. ಕೋಲು ಥಟ್ಟನೆ ನೆಟ್ಟಗಾಗುತ್ತದೆ. ಗಾಳಿಯಲ್ಲಿ ನಗು ತೇಲಿಬರುತ್ತದೆ. "ಏನು ಡೊಂಕಣ್ಣ, ಇವತ್ತೂ ನೆಲ ಡೊಂಕಾ? ಹೋಗು, ತಂಗಿಗೆ ತೋರಿಸು ಹೋಗು!"

ಅಣ್ಣ ಬರುತ್ತಾರೆ. ನಿಜವಾಗಿಯೂ ಬರುತ್ತಾರೆ. ಕೈಯಲ್ಲಿ ಪೇಟೆಯಲ್ಲಿ ಸಿಗುವ ಅತಿ ದುಬಾರಿ ಕೋಲು, ಹಿಂದೆ ನಗುತ್ತಿರುವ ಹಿಂಡು. ಕುತ್ತಿಗೆಯ ನರ ಉಬ್ಬಿದೆ. ಅಂಗಡಿಯ ಮುಂದೆ ನಿಂತು, ಕಡಿದ ದಾರವನ್ನು ಟವೆಲ್ಲಿನ ಮೇಲೆ ಹಾಕುತ್ತಾರೆ.

"ತಗೋ. ನೋಡು. ಇವರಿಗೆಲ್ಲ ನಿನ್ನ ಬಾಯಿಂದಾನೇ ಕೇಳಬೇಕಂತೆ. ಹೇಳು."

ನಾನು ಪಕ್ಕದಲ್ಲೇ ಇದ್ದೇನೆ. ತುದಿ ಓದುವುದನ್ನು ನನಗೆ ಕಲಿಸಿದ್ದೇ ಇವರು. ಆ ತುದಿ ಸುರುಳಿ ಸುತ್ತಿಕೊಂಡಿದೆ. ಹಂದಿಯ ಬಾಲ, ಸಂಶಯವೇ ಇಲ್ಲ. ಐವತ್ತು ವರ್ಷ ಗಾಳ ಹಾಕಿದ ಅಣ್ಣನಿಗೂ ಅದು ಗೊತ್ತಿಲ್ಲದೆ ಇರುವುದಿಲ್ಲ.

ರೀಲಕ್ಕ ಕನ್ನಡಕ ಹಾಕಿಕೊಂಡು ತುದಿಯನ್ನು ಬೆಳಕಿಗೆ ಹಿಡಿಯುತ್ತಾರೆ. ಮತ್ತೆ ಅದನ್ನು ಅಂಗೈಯಲ್ಲಿಟ್ಟು ಮುಷ್ಟಿ ಕಟ್ಟುತ್ತಾರೆ. ಎಲ್ಲರಿಗೂ ಕೇಳುವಂತೆ, ಹಿಂದೆ ನಿಂತ ಚಹಾ ಅಂಗಡಿಯವನಿಗೂ ಕೇಳುವಂತೆ ಹೇಳುತ್ತಾರೆ:

"ಗಂಟಿಗೆ ಏನೂ ಆಗಿಲ್ಲ. ಗಂಟು ಚೆನ್ನಾಗೇ ಹಾಕಿದಾನೆ. ದಾರದ್ದೇ ತಪ್ಪು." ಸ್ವಲ್ಪ ತಡೆದು, ಅಷ್ಟೇ ಗಟ್ಟಿಯಾಗಿ ಸೇರಿಸುತ್ತಾರೆ: "ಅವತ್ತೂ ದಾರದ್ದೇ ತಪ್ಪು. ನಾನು ಕೊಟ್ಟಿದ್ದ ದಾರ."

ನಗು ನಿಲ್ಲುತ್ತದೆ. ರೀಲಕ್ಕನ ಮಾತಿಗೆ ಇಲ್ಲಿ ಎದುರಾಡುವವರಿಲ್ಲ. ಒಬ್ಬೊಬ್ಬರೇ ತಮ್ಮ ತಮ್ಮ ಕೋಲುಗಳತ್ತ ಕರಗುತ್ತಾರೆ. ಅಣ್ಣ ಮಾತ್ರ ಅಲ್ಲೇ ನಿಂತಿದ್ದಾರೆ, ತಂಗಿಯ ಮುಚ್ಚಿದ ಮುಷ್ಟಿಯನ್ನೇ ನೋಡುತ್ತಾ. ಕಡೆಗೆ ಕಲಿಯುವವರಿಗೆಂದು ಇಟ್ಟ ಉರುಳೆಯತ್ತ ಗದ್ದ ತೋರಿಸುತ್ತಾರೆ.

"ಆ ಅಗ್ಗದ್ದೇ ಕೊಡು. ಗಂಟು ನೀನೇ ಹಾಕು."

ಹೇಳಿ ಸಮುದ್ರದ ಕಡೆ ತಿರುಗಿ ನಿಲ್ಲುತ್ತಾರೆ. ಹೋಗುವುದಿಲ್ಲ. ರೀಲಕ್ಕ ದಾರ ಎಳೆಯುತ್ತಾರೆ, ಕೊಕ್ಕೆಯ ಕಣ್ಣಿಗೆ ಪೋಣಿಸುತ್ತಾರೆ, ಸುತ್ತು ಹಾಕುತ್ತಾರೆ. ದಿನಾ ಕಣ್ಣು ಮುಚ್ಚಿ ಮಾಡುವ ಕೆಲಸ, ಇವತ್ತು ಎರಡು ಸಲ ತಪ್ಪುತ್ತದೆ. ಗಂಟನ್ನು ಬಾಯಿಗಿಡುತ್ತಾರೆ, ತೆಗೆಯುತ್ತಾರೆ, ಮತ್ತೆ ಇಡುತ್ತಾರೆ. ಆಮೇಲೆ ನನ್ನತ್ತ ತಿರುಗಿ, ಅಣ್ಣನಿಗೆ ಕೇಳದಷ್ಟು ಮೆಲ್ಲಗೆ ಹೇಳುತ್ತಾರೆ:

"ಒಂಚೂರು ನೀರು ಕೊಡಮ್ಮ. ಬಾಯೆಲ್ಲಾ ಒಣಗಿಹೋಗಿದೆ. ಒಣಗಂಟು ಎಳೀಬಾರದು."